ಸೀಟ್ ಬಾರ್ ಇಳಿಸಿದರೂ ಬಿಡದ ಲಾಕ್: ಒಂದು ಸ್ಕಿಡ್ ಸ್ಟೀರ್ ಲೋಡರ್‌ನಲ್ಲಿ ಎರಡು ದೋಷ ಹಿಡಿದ ಅನುಭವ

ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿರುವ ನನ್ನ ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ಟ್ರ್ಯಾಕ್ಟರ್, ಟಿಪ್ಪರ್‌ಗಳೇ ಹೆಚ್ಚಾಗಿ ಬರುತ್ತವೆ. ಸ್ಕಿಡ್ ಸ್ಟೀರ್ ಲೋಡರ್ (ಮುಂದೆ ಬಕೆಟ್ ಇರುವ, ಮಾಲು ಬಾಚುವ ಸಣ್ಣ ಮಶೀನು) ಇದ್ದರೆ ಅದಿರುವ ಕಡೆಗೆ ನಾನೇ ಹೋಗಬೇಕಾಗುತ್ತದೆ. ಯಾವ ಕಂಪನಿಯ ಮಶೀನಾದರೂ ನಮ್ಮ ಕಡೆಯ ಜನ ಅದನ್ನು ‘ಬಾಬ್‌ಕ್ಯಾಟ್’ ಎಂದೇ ಅನ್ನುತ್ತಾರೆ, ಆದರೆ ಇಲ್ಲಿ ಹೇಳುತ್ತಿರುವುದು ಬೇರೆ ಕಂಪನಿಯ ಮಶೀನು. ಚಿತ್ತಾಪುರ ತಾಲೂಕಿನ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಕನ್ವೇಯರ್ ಬೆಲ್ಟ್ ಕೆಳಗೆ ಚೆಲ್ಲಿದ ಮಾಲನ್ನು ಬಾಚಿ ತೆಗೆಯಲು ಗುತ್ತಿಗೆದಾರರೊಬ್ಬರು ಅದನ್ನು ಇಟ್ಟಿದ್ದರು. ಮೇ ತಿಂಗಳ ಬಿಸಿಲಿನಲ್ಲಿ ನಾನು ಅಲ್ಲಿಗೆ ತಲುಪಿದಾಗ ಮಶೀನು ನಡೆಸುವ ಹುಡುಗ ಹೇಳಿದ ಮೊದಲ ಮಾತು ಇದು: “ಉಸ್ತಾದ್‌ರೇ, ಮುಂಜಾನಿ ಛಲೋ ನಡೀತದರಿ, ಮಧ್ಯಾಹ್ನ ಆದ ಮ್ಯಾಲ ಸಣ್ಣ ಗುಂಡಿ ಬಂದ್ರೂ ಅಲ್ಲೇ ನಿಂತ್ ಬಿಡ್ತದ.”

ಬಿಸಿ ಮತ್ತು ಕುಲುಕಾಟ ಎಂಬ ಎರಡು ಸುಳಿವುಗಳು ಈ ಒಂದೇ ಮಾತಿನಲ್ಲಿದ್ದವು. ನನಗಿಂತ ಮೊದಲು ಬಂದವರು ಇದನ್ನು ಕೇಳಿಸಿಕೊಳ್ಳದೆ ಬ್ರೇಕಿನ ಸೊಲೆನಾಯ್ಡ್ (ಕರೆಂಟ್ ಹರಿದಾಗ ಅಯಸ್ಕಾಂತವಾಗಿ ಎಳೆಯುವ ತಾಮ್ರದ ಸುರುಳಿ) ಕೆಟ್ಟಿದೆ ಎಂದು ಹೊಸದನ್ನು ತರಿಸಿ ಹಾಕಿದ್ದರು. ದುಡ್ಡು ಖರ್ಚಾಗಿತ್ತು, ಮಶೀನು ಮಾತ್ರ ಹಾಗೆಯೇ ನಿಲ್ಲುತ್ತಿತ್ತು.

ಈ ಮಶೀನಿನಲ್ಲಿ ಸೇಫ್ಟಿ ಲಾಕ್ ಏಕಿದೆ ಎಂಬುದನ್ನು ತಿಳಿಯದೆ ಅದರ ವೈರಿಂಗ್‌ಗೆ ಕೈಹಾಕಬಾರದು. ಚಾಲಕ ಮುಂದಿನಿಂದ, ಬಕೆಟ್ ಮೇಲೆ ಕಾಲಿಟ್ಟು, ಬಕೆಟ್ ಎತ್ತುವ ಎರಡು ತೋಳುಗಳ ನಡುವೆ ಹತ್ತಿ ಒಳಗೆ ಕೂರುತ್ತಾನೆ. ಇಳಿಯುವಾಗ ಅವನ ಮೊಣಕಾಲು ಲಿವರ್‌ಗೆ ತಗುಲಿದರೆ ಎತ್ತಿದ ತೋಳು ಅವನ ಮೇಲೆಯೇ ಇಳಿಯಬಹುದು. ಆದ್ದರಿಂದ ಸೀಟಿನ ಕೆಳಗೆ ಒಂದು ಸ್ವಿಚ್, ಚಾಲಕನ ಮಡಿಲ ಮೇಲೆ ಇಳಿಯುವ ಸೀಟ್ ಬಾರ್‌ನ ಬುಡದಲ್ಲಿ ಒಂದು ಸೆನ್ಸರ್ ಇರುತ್ತವೆ. ಚಾಲಕ ಕುಳಿತು ಬಾರ್ ಇಳಿಸಿದ್ದಾನೆ ಎಂದು ಎರಡೂ ಹೇಳಿದರೆ ಮಾತ್ರ ಕಂಟ್ರೋಲರ್ ಎರಡು ಕಡೆಗೆ ಕರೆಂಟ್ ಕಳಿಸುತ್ತದೆ: ಒಂದು ತೋಳಿನ ಹೈಡ್ರಾಲಿಕ್ ಲಾಕ್ ಬಿಡಿಸುವ ಸೊಲೆನಾಯ್ಡ್‌ಗೆ, ಇನ್ನೊಂದು ಬ್ರೇಕ್ ಬಿಡಿಸುವ ಸೊಲೆನಾಯ್ಡ್‌ಗೆ. ಬ್ರೇಕನ್ನು ಹಿಡಿದಿಡುವುದು ಸ್ಪ್ರಿಂಗ್, ಬಿಡಿಸುವುದು ಕರೆಂಟ್. ಹೀಗಾಗಿ ಎಲ್ಲಿ ಒಂದು ವೈರ್ ಕಡಿದರೂ, ಎಲ್ಲಿ ಒಂದು ಜಾಯಿಂಟ್ ಸಡಿಲಾದರೂ ಮಶೀನು ಲಾಕ್ ಆಗುತ್ತದೆಯೇ ಹೊರತು ಬಿಟ್ಟುಕೊಳ್ಳುವುದಿಲ್ಲ.

ಮೊದಲು ತೋಳುಗಳನ್ನು ಪೂರ್ತಿ ಇಳಿಸಿ, ಕೀಲಿ ತೆಗೆದು ನನ್ನ ಜೇಬಿಗೆ ಹಾಕಿಕೊಂಡು ಸೀಟನ್ನು ಎತ್ತಿ ನೋಡಿದೆ. ಸ್ವಿಚ್ಚಿನ ಕಪ್ಲರ್ (ವೈರ್ ಸೇರಿಸುವ ಕನೆಕ್ಟರ್) ಬಿಚ್ಚಿಟ್ಟು ಕಂಟ್ರೋಲರ್ ಕಡೆಯ ಎರಡು ವೈರ್‌ಗಳನ್ನು ಒಂದಕ್ಕೊಂದು ಹೆಣೆದು ಮೇಲೆ ಕರಿ ಟೇಪ್ ಸುತ್ತಿದ್ದರು. ಅಂದರೆ ಸೀಟಿನಲ್ಲಿ ಯಾರೂ ಇಲ್ಲದಿದ್ದರೂ ಕಂಟ್ರೋಲರ್‌ಗೆ ಯಾರೋ ಇದ್ದಾರೆ ಎಂದೇ ಸುದ್ದಿ ಹೋಗುತ್ತಿತ್ತು. ಇದನ್ನು ಕಂಡಾಗ ನನಗೆ ನಿಜಕ್ಕೂ ಭಯವಾಯಿತು, ಏಕೆಂದರೆ ಆ ಹುಡುಗನಿಗೆ ಇದು ಗೊತ್ತೇ ಇರಲಿಲ್ಲ, ಮತ್ತು ಅವನು ದಿನಕ್ಕೆ ಇಪ್ಪತ್ತು ಸಲವಾದರೂ ಆ ತೋಳುಗಳ ನಡುವೆ ಹತ್ತಿ ಇಳಿಯುತ್ತಿದ್ದ. ಹೆಣೆದದ್ದನ್ನು ಬಿಚ್ಚಿ ಸ್ವಿಚ್ಚನ್ನು ಮೀಟರ್‌ನಲ್ಲಿ ನೋಡಿದರೆ ಅದು ಸರಿಯಾಗಿಯೇ ಇತ್ತು: ಒತ್ತಿದಾಗ ಸೇರುತ್ತಿತ್ತು, ಬಿಟ್ಟಾಗ ಬಿಡುತ್ತಿತ್ತು. ಕಪ್ಲರ್ ಮತ್ತೆ ಸೇರಿಸಿದೆ.

ಬಳಿಕ ಚಕ್ರಗಳು ನೆಲಕ್ಕೆ ತಾಗದಂತೆ ಮಶೀನನ್ನು ಗಟ್ಟಿ ದಿಮ್ಮಿಗಳ ಮೇಲೆ ಕೂರಿಸಿ, ಹುಡುಗನನ್ನು ಸೀಟಿನಲ್ಲಿ ಕೂರಿಸಿ ಬಾರ್ ಇಳಿಸಿ ಎಂಜಿನ್ ಚಾಲು ಮಾಡಿಸಿದೆ. ಬ್ಯಾಟರಿಯ ಮೇಲೆ 14.0 ವೋಲ್ಟ್ ಇತ್ತು. ಬ್ರೇಕ್ ಸೊಲೆನಾಯ್ಡಿನ ಕಪ್ಲರ್ ಬಿಚ್ಚಿ ಅಳೆದರೆ ಅಲ್ಲಿಯೂ 14ರ ಹತ್ತಿರವೇ ಬಂತು. ಹಿಂದಿನವರು ಮೋಸ ಹೋದದ್ದು ಇಲ್ಲಿಯೇ ಇರಬೇಕು: ಕರೆಂಟ್ ಬರುತ್ತಿದೆ, ಆದ್ದರಿಂದ ಸೊಲೆನಾಯ್ಡೇ ಕೆಟ್ಟಿದೆ ಎಂದು ತೀರ್ಮಾನಿಸಿದ್ದರು. ಆದರೆ ಲೋಡ್ ಇಲ್ಲದ ವೈರ್‌ನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಕಪ್ಲರ್ ಸೇರಿಸಿ, ಹಿಂದಿನಿಂದ ತೆಳ್ಳನೆಯ ಪಿನ್ ತೂರಿಸಿ ಅಳೆದಾಗ ಸೊಲೆನಾಯ್ಡಿನ ಎರಡು ತುದಿಗಳ ನಡುವೆ ಇದ್ದದ್ದು 8.1 ವೋಲ್ಟ್ ಮಾತ್ರ. ಉಳಿದದ್ದು ಎಲ್ಲಿ ಹೋಯಿತು? ಬ್ಯಾಟರಿಯ ಪ್ಲಸ್‌ನಿಂದ ಸೊಲೆನಾಯ್ಡಿನ ಪ್ಲಸ್‌ವರೆಗೆ 0.4, ಸೊಲೆನಾಯ್ಡಿನ ಅರ್ಥ್‌ನಿಂದ (ಕರೆಂಟ್ ಚೌಕಟ್ಟಿನ ಮೂಲಕ ಹಿಂತಿರುಗುವ ವೈರ್) ಬ್ಯಾಟರಿಯ ಮೈನಸ್‌ವರೆಗೆ 5.5. ಮೂರನ್ನೂ ಕೂಡಿದರೆ 14.0. ಲೆಕ್ಕ ಕೂಡಿಬಂದ ಮೇಲೆ ಊಹೆಗೆ ಅವಕಾಶವಿರಲಿಲ್ಲ, ದೋಷ ಅರ್ಥ್‌ನಲ್ಲಿತ್ತು.

ಆ ವೈರನ್ನು ಹಿಡಿದು ಹೋದಾಗ ಎಂಜಿನ್ ಬದಿಯ ಚೌಕಟ್ಟಿನ ಮೇಲೆ ಒಂದು ಬೋಲ್ಟ್ ಸಿಕ್ಕಿತು, ಆದರೆ ಬೋಲ್ಟ್ ಎಂದು ಗುರುತಾಗದಷ್ಟು ಅದರ ಮೇಲೆ ಸಿಮೆಂಟ್ ಕಟ್ಟಿಕೊಂಡಿತ್ತು. ಯಾರೋ ಮಶೀನನ್ನು ನೀರಿನಿಂದ ತೊಳೆದಿದ್ದರು. ಒಣ ಧೂಳಾಗಿದ್ದರೆ ಊದಿದರೆ ಹೋಗುವ ಸಿಮೆಂಟು ನೀರು ಕುಡಿದು ಕಲ್ಲಾಗಿ ಕೂತಿತ್ತು. ಉಳಿಯಿಂದ ಮೆಲ್ಲಗೆ ಒಡೆದು ತೆಗೆದಾಗ ಒಳಗಿನ ಲಗ್ (ವೈರ್ ತುದಿಯ ಲೋಹದ ಬಳೆ) ಕೈಯಿಂದಲೇ ತಿರುಗುತ್ತಿತ್ತು, ಅದರ ಕೆಳಗಿನ ಬಣ್ಣ ಎದ್ದು ತುಕ್ಕು ಹಿಡಿದಿತ್ತು.

ಮಧ್ಯಾಹ್ನವೇ ಏಕೆ ನಿಲ್ಲುತ್ತಿತ್ತು ಎಂಬುದಕ್ಕೂ ಇಲ್ಲಿ ಉತ್ತರ ಸಿಕ್ಕಿತು. ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ ಸುಮಾರು ಶೇ. 0.4ರಷ್ಟು ಏರುತ್ತದೆ. ಮುಂಜಾನೆ 8 ಓಮ್ ಇರುವ ಸೊಲೆನಾಯ್ಡಿನ ಕಾಯಿಲ್ 60 ಡಿಗ್ರಿ ಹೆಚ್ಚು ಬಿಸಿಯಾದರೆ ಹತ್ತಿರ ಹತ್ತಿರ 10 ಓಮ್ ಆಗುತ್ತದೆ, ಅಷ್ಟರ ಮಟ್ಟಿಗೆ ಕರೆಂಟೂ ಎಳೆತವೂ ಇಳಿಯುತ್ತವೆ. ಅರ್ಥ್ ಚೆನ್ನಾಗಿದ್ದರೆ ಇದನ್ನು ತಡೆದುಕೊಳ್ಳಬಹುದು. ಅರ್ಧ ಸತ್ತ ಅರ್ಥ್‌ನಲ್ಲಿ ಒಂದು ಗುಂಡಿಯ ಕುಲುಕಾಟವೇ ಸಾಕು.

ಎಂಜಿನ್ ನಿಲ್ಲಿಸಿ, ಬ್ಯಾಟರಿಯ ಮೈನಸ್ ತೆಗೆದು, ಜಾಗವನ್ನು ಹೊಳೆಯುವವರೆಗೆ ಉಜ್ಜಿ, ಹೊಸ ಲಗ್ ಒತ್ತಿ, ಹಲ್ಲಿನ ವಾಶರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿದೆ. ಮತ್ತೆ ಚಾಲು ಮಾಡಿ ಅಳೆದಾಗ ಅರ್ಥ್ ಬದಿಯ ನಷ್ಟ 0.1 ವೋಲ್ಟ್‌ಗೆ ಇಳಿದಿತ್ತು. ಕೆಲಸ ಮುಗಿಯಿತು ಎಂದುಕೊಂಡು ನೆಲಕ್ಕಿಳಿಸಿ ಓಡಿಸಿದರೆ ಅರ್ಧ ಗಂಟೆಯಲ್ಲಿ ಮತ್ತೆ ನಿಂತಿತು.

ಆದರೆ ಈ ಸಲ ನಿಂತ ರೀತಿ ಬೇರೆ. ಮೊದಲು ಓಟ ಮಾತ್ರ ನಿಲ್ಲುತ್ತಿತ್ತು, ಈಗ ತೋಳೂ ಓಟವೂ ಒಟ್ಟಿಗೆ ನಿಂತಿದ್ದವು. ಎರಡು ಸೊಲೆನಾಯ್ಡ್‌ಗಳು ಒಂದೇ ಕ್ಷಣದಲ್ಲಿ ಕೆಡುವುದು ಅಪರೂಪ. ಎರಡಕ್ಕೂ ಸಾಮಾನ್ಯವಾದ ಸೀಟು ಅಥವಾ ಬಾರ್‌ನ ಸುದ್ದಿಯೇ ಕಡಿದಿರಬೇಕು. ಹಿಂದಿನವರು ವೈರ್ ಹೆಣೆದದ್ದೂ ಇದೇ ಲಕ್ಷಣ ಕಂಡು ಇರಬಹುದು, ಆದರೆ ದೋಷ ಸ್ವಿಚ್ಚಿನಲ್ಲಿಲ್ಲದೆ ಸ್ವಿಚ್ಚಿನಿಂದ ಕಂಟ್ರೋಲರ್‌ಗೆ ಹೋಗುವ ದಾರಿಯಲ್ಲಿದ್ದರೆ ಹೆಣೆದು ಏನು ಪ್ರಯೋಜನ? ಕೀಲಿ ತೆಗೆದು, ಎರಡೂ ತುದಿಯ ಕಪ್ಲರ್ ಬಿಚ್ಚಿ, ಮೀಟರನ್ನು ಓಮ್‌ಗೆ ಇಟ್ಟು ಹಾರ್ನೆಸ್ (ವೈರ್‌ಗಳ ಕಟ್ಟು) ಅನ್ನು ಗೇಣು ಗೇಣಾಗಿ ಬಾಗಿಸುತ್ತ ಹೋದೆ. ರಿಪೇರಿಗೆಂದು ಕ್ಯಾಬಿನ್ ಎತ್ತುವ ಕೀಲಿನ (ಹಿಂಜ್) ಬಳಿ 0.4 ಓಮ್ ಇದ್ದದ್ದು ಒಮ್ಮೆಲೇ ಓಪನ್ ಆಯಿತು, ಅಂದರೆ ದಾರಿ ಕಡಿಯಿತು. ಮೇಲಿನ ಪ್ಲಾಸ್ಟಿಕ್‌ಗೆ ಒಂದು ಗೀರೂ ಇರಲಿಲ್ಲ, ಆದರೆ ಆ ಬೆರಳಷ್ಟು ಜಾಗದಲ್ಲಿ ವೈರ್ ನೂಲಿನಂತೆ ಮೆತ್ತಗೆ ಬಾಗುತ್ತಿತ್ತು. ಸೀಳಿ ನೋಡಿದರೆ ಒಳಗಿನ ಎಳೆಗಳು ಕಡಿದು ಹಸಿರು ಪುಡಿಯಾಗಿದ್ದವು.

ಅಲ್ಲಿ ಬೆಸುಗೆ ಹಾಕಲಿಲ್ಲ, ಏಕೆಂದರೆ ಬಾಗುವ ಜಾಗದಲ್ಲಿ ಬೆಸುಗೆಯ ಅಂಚು ಗಡುಸಾಗಿ ವೈರ್ ಅಲ್ಲಿಯೇ ಮತ್ತೆ ಕಡಿಯುತ್ತದೆ. ಕೆಟ್ಟ ತುಂಡನ್ನು ಕತ್ತರಿಸಿ, ಹೊಸ ವೈರನ್ನು ಕೀಲಿನಿಂದ ದೂರ ಎರಡೂ ಕಡೆ ಒತ್ತಿ ಸೇರಿಸಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯುವ ಕೊಳವೆ) ಹಾಕಿ, ಕ್ಯಾಬಿನ್ ಎತ್ತಿದಾಗ ಎಳೆಯದಂತೆ ಸ್ವಲ್ಪ ಸಡಿಲ ಬಿಟ್ಟು ಕಟ್ಟಿದೆ.

ಕೊನೆಯ ಪರೀಕ್ಷೆಯನ್ನು ಚಕ್ರಗಳನ್ನು ಮತ್ತೆ ಎತ್ತಿ ಮಾಡಿದೆ. ಬಾರ್ ಎತ್ತಿದರೆ ತೋಳೂ ಚಕ್ರವೂ ನಿಲ್ಲಬೇಕು; ಬಾರ್ ಇಳಿದಿದ್ದರೂ ಸೀಟಿನಿಂದ ಮೈ ಎತ್ತಿದರೆ ನಿಲ್ಲಬೇಕು; ಕೀಲಿ ತಿರುಗಿಸಿದರೆ ನಿಲ್ಲಬೇಕು. ಒಂದೊಂದನ್ನೂ ಮೂರು ಮೂರು ಸಲ ಹುಡುಗನ ಕೈಯಿಂದಲೇ ಮಾಡಿಸಿದೆ, ಏಕೆಂದರೆ ನಾಳೆ ಬೆಳಿಗ್ಗೆ ಕೆಲಸ ಸುರು ಮಾಡುವ ಮೊದಲು ಇದನ್ನು ನೋಡಬೇಕಾದವನು ಅವನೇ.

ಗುತ್ತಿಗೆದಾರರ ಬಳಿ ಅದೇ ಮಾದರಿಯ ಇನ್ನೊಂದು ಮಶೀನಿತ್ತು, ಅದಕ್ಕೆ ಯಾವ ತಕರಾರೂ ಬಂದಿರಲಿಲ್ಲ. ಕತ್ತಲಾಗುವ ಮೊದಲು ಅದರ ಕ್ಯಾಬಿನ್ ಕೂಡ ಎತ್ತಿಸಿ ಕೀಲಿನ ಬಳಿ ವೈರ್ ಹಿಸುಕಿ ನೋಡಿದೆ; ಅದೂ ಅಲ್ಲಿ ಮೆತ್ತಗಾಗತೊಡಗಿತ್ತು.