ಕಲಿತದ್ದು ಕೆಲಸಕ್ಕೆ ಬರುವಂತೆ ಮಾಡಿದ್ದು

ಫೋನಿನಲ್ಲಿ ಗ್ರಾಹಕರ ದೂರು ಕೇಳುವವರಿಗೆ ನಾನು ತರಬೇತಿ ಕೊಡುತ್ತೇನೆ. ಹೇಳಿಕೊಡುವುದು ಮುಖ್ಯವಾಗಿ ಇಷ್ಟು: ಉತ್ತರ ಕೊಡುವ ಮೊದಲು ಪೂರ್ತಿ ಕೇಳಿಸಿಕೊಳ್ಳಿ, ಕೇಳಿದ್ದನ್ನು ನಿಮ್ಮ ಮಾತಿನಲ್ಲಿ ಅವರಿಗೇ ತಿರುಗಿ ಹೇಳಿ, ಸರಿಯೇ ಅಂತ ಕೇಳಿ. ಎರಡು ದಿನದ ಕ್ಲಾಸಿನಲ್ಲಿ ಎಲ್ಲರೂ ಚೆನ್ನಾಗಿಯೇ ಮಾಡುತ್ತಿದ್ದರು. ಫೀಡ್‌ಬ್ಯಾಕ್ ಫಾರಂನಲ್ಲೂ ಒಳ್ಳೆಯ ಮಾತೇ ಇರುತ್ತಿತ್ತು.

ಒಂದು ಸಲ, ತಿಂಗಳು ಕಳೆದ ಮೇಲೆ ಅವರ ಪಕ್ಕ ಕೂತು ಕರೆಗಳನ್ನು ಕೇಳಿದೆ. ಒಬ್ಬರೂ ತಿರುಗಿ ಹೇಳುತ್ತಿರಲಿಲ್ಲ. ತುಂಬಾ ಬೇಜಾರಾಯಿತು. ಮರೆತಿದ್ದಾರೆ ಅಂದುಕೊಂಡು ಕೇಳಿದರೆ, ಕಲಿಸಿದ್ದನ್ನೆಲ್ಲ ಪಟಪಟನೆ ಹೇಳಿದರು. ಆಮೇಲೆ ಒಬ್ಬಾಕೆ ಸ್ಕ್ರೀನ್ ತೋರಿಸಿದರು. "ಮೇಡಂ, ಕರೆ ಉದ್ದ ಆದ್ರೆ ಇಲ್ಲಿ ಕೆಂಪು ಬರುತ್ತೆ. ಸಂಜೆ ಟೀಮ್ ಲೀಡರ್ ಕೇಳೋದು ಅದನ್ನೇ."

ಕಲಿತದ್ದು ಕೆಲಸಕ್ಕೆ ಇಳಿಯಬೇಕಾದರೆ ಕಲಿಯುವವರು, ತರಬೇತಿ, ಕೆಲಸದ ಜಾಗ ಈ ಮೂರೂ ಲೆಕ್ಕಕ್ಕೆ ಬರುತ್ತವೆ ಎಂದು ತರಬೇತಿಯ ಬಗ್ಗೆ ಸಂಶೋಧನೆ ಮಾಡಿದ ಬಾಲ್ಡ್‌ವಿನ್ ಮತ್ತು ಫೋರ್ಡ್ 1988ರಲ್ಲೇ ಬರೆದಿದ್ದರು. ನಾನು ಅದನ್ನು ಓದಿದ್ದೆ. ಆದರೂ ಮೂರನೆಯದನ್ನು ಮುಟ್ಟಿರಲೇ ಇಲ್ಲ.

ಮುಂದಿನ ಬ್ಯಾಚಿಗೆ ಮೊದಲು ಟೀಮ್ ಲೀಡರ್‌ಗಳ ಹತ್ತಿರ ಹೋದೆ. ಮೂರು ವಾರ ಇವರ ಕರೆಯ ಸಮಯ ನೋಡಬೇಡಿ, ಬದಲಿಗೆ ದಿನಕ್ಕೆ ಒಬ್ಬೊಬ್ಬರದ್ದು ಒಂದು ಕರೆ ಕೇಳಿ, ತಿರುಗಿ ಹೇಳಿದರೋ ಇಲ್ಲವೋ ಅಷ್ಟನ್ನೇ ಮಾತಾಡಿ ಎಂದು ಕೇಳಿಕೊಂಡೆ. ಒಬ್ಬರು ಒಪ್ಪಲಿಲ್ಲ. ಅವರ ಟೀಮಿನದ್ದೇ ರೆಕಾರ್ಡಿಂಗ್‌ಗಳನ್ನು ಒಟ್ಟಿಗೆ ಕೇಳಿದೆವು. ಅದೇ ಗ್ರಾಹಕರು ಅದೇ ದೂರಿಗೆ ಮತ್ತೆ ಮತ್ತೆ ಫೋನ್ ಮಾಡಿದ್ದರು. ಮೊದಲ ಸಲ ದೂರು ಅರ್ಥವೇ ಆಗಿರಲಿಲ್ಲ. ಆಮೇಲೆ ಒಪ್ಪಿದರು.

ಕ್ಲಾಸಿನಲ್ಲಿ ನಾನು ಕಟ್ಟಿದ ಸನ್ನಿವೇಶಗಳನ್ನು ಬಿಟ್ಟು ಅವರ ಕರೆಗಳನ್ನೇ ತಂದೆ. ರೇಗಾಡಿದ ಗ್ರಾಹಕರ ಕರೆಗಳೇ ಜಾಸ್ತಿ. ಕೊನೆಗೆ ಎಲ್ಲರೂ ಒಂದೊಂದು ಸಾಲು ಬರೆಯಬೇಕಿತ್ತು. "ಇನ್ನು ಮುಂದೆ ಗಮನ ಕೊಡುತ್ತೇನೆ" ಅಂತ ಬರೆದವರಿಂದ ಮತ್ತೆ ಬರೆಸಿದೆ. ಯಾವ ಕ್ಷಣದಲ್ಲಿ, ಏನು ಹೇಳುತ್ತೀರಿ? ಒಬ್ಬರು ಬರೆದರು: "ಗ್ರಾಹಕರು ಮಾತು ನಿಲ್ಲಿಸಿದ ಕೂಡಲೇ, 'ಅಂದ್ರೆ ನಿಮಗೆ' ಅಂತ ಶುರು ಮಾಡುತ್ತೇನೆ." ಆ ಚೀಟಿ ಅವರ ಸ್ಕ್ರೀನಿನ ಅಂಚಿಗೆ ಹೋಯಿತು.

ಆಮೇಲೆ ಎರಡನೇ ದಿನ, ಒಂದು ವಾರಕ್ಕೆ, ಮೂರು ವಾರಕ್ಕೆ ಹೋಗಿ ಪಕ್ಕ ಕೂತೆ. ಮೂರನೇ ವಾರ ಒಬ್ಬರು, "ಅಂದ್ರೆ ಬಿಲ್ ಸರಿ ಇದೆ, ತಾರೀಖು ಮಾತ್ರ ತಪ್ಪು, ಅಲ್ವಾ?" ಎಂದಾಗ ಆ ಕಡೆಯ ದನಿ ಒಮ್ಮೆಲೇ ತಣ್ಣಗಾಯಿತು. ನನಗೆ ಕಣ್ಣು ತುಂಬಿ ಬಂತು. ಕರೆಗಳು ಮುಗಿಬೀಳುವ ದಿನ ಇಬ್ಬರು ಈಗಲೂ ಹಳೆಯ ದಾರಿಗೆ ಜಾರುತ್ತಾರೆ. ಅಂಥ ದಿನವೇ ನೋಡಿ ಅವರ ಪಕ್ಕ ಹೋಗಿ ಕೂರುತ್ತೇನೆ.