ಪ್ರಿಂಟರ್ ಕಾಗದ: ತೂಗಿ ನೋಡಿ, ಹರಿದು ನೋಡಿ, ಆಮೇಲೆ ಕೊಳ್ಳಿ

ಅಂಗಡಿಗೆ ಹೋಗುವ ಮೊದಲು ಪ್ರಿಂಟರಿನ ಕೈಪಿಡಿ ತೆಗೆದು, ಅದರ ಟ್ರೇ ಎಷ್ಟು ಜಿಎಸ್ಎಂನಿಂದ ಎಷ್ಟರವರೆಗಿನ ಕಾಗದವನ್ನು ಎಳೆಯಬಲ್ಲದು ಎಂದು ನೋಡಿಕೊಳ್ಳಿ. ಜಿಎಸ್ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ. ದಿನನಿತ್ಯದ ಪತ್ರ, ಬಿಲ್, ಮಕ್ಕಳ ನೋಟ್ಸ್‌ಗೆ 70 ಜಿಎಸ್ಎಂ ನಡೆಯುತ್ತದೆ. ಎರಡೂ ಬದಿ ಮುದ್ರಿಸುವುದಾದರೆ 75ಕ್ಕಿಂತ ಕೆಳಗೆ ಇಳಿಯಬೇಡಿ, ಹಿಂದಿನ ಅಕ್ಷರ ಮುಂದೆ ಕಾಣುತ್ತದೆ. 2020ರಲ್ಲಿ ಸುಪ್ರೀಂ ಕೋರ್ಟ್ ಎ4 ಹಾಳೆಯ ಎರಡೂ ಬದಿ ಮುದ್ರಣಕ್ಕೆ ಬದಲಾದಾಗ ಕೇಳಿದ್ದೂ ಕನಿಷ್ಠ 75 ಜಿಎಸ್ಎಂ. ರೆಸ್ಯೂಮೆ, ಕರಾರುಪತ್ರಗಳಿಗೆ 85ರಿಂದ 100ರ ಬಾಂಡ್ ಕಾಗದ (ಛಾಪಾ ಕಾಗದವಲ್ಲ, ಗಟ್ಟಿಯಾದ ಬರಹದ ಕಾಗದ) ಒಳ್ಳೆಯದು.

ಪೆಟ್ಟಿಗೆಗಟ್ಟಲೆ ಕೊಳ್ಳುವ ಮೊದಲು ಒಂದೇ ರೀಮ್, ಅಂದರೆ 500 ಹಾಳೆಗಳ ಒಂದು ಕಟ್ಟು, ತಂದು ಪರೀಕ್ಷಿಸಿ. ಹೊದಿಕೆಯ ಮೇಲಿನ ಅಂಕಿಯನ್ನು ನಂಬಿ ಕೂರಬೇಕಿಲ್ಲ, ಅಡುಗೆಮನೆಯ ತಕ್ಕಡಿ ಸಾಕು. 75 ಜಿಎಸ್ಎಂನ 100 ಎ4 ಹಾಳೆ ಎಣಿಸಿ ಇಟ್ಟರೆ ಸುಮಾರು 468 ಗ್ರಾಂ ತೂಗಬೇಕು. 70ರದ್ದು 437, 80ರದ್ದು 499. ನಾಲ್ಕಾರು ಗ್ರಾಂ ಆಚೀಚೆ ಆದರೆ ಚಿಂತೆಯಿಲ್ಲ. 75 ಎಂದು ಮಾರಿದ್ದು 440ಕ್ಕೆ ನಿಂತರೆ ಆ ಸರಕು ಬೇಡ.

ಆಮೇಲೆ ಕಟ್ಟಿನ ಅಂಚನ್ನು ಕಪ್ಪು ಬಟ್ಟೆಯಿಂದ ಒರೆಸಿ. ಬಿಳಿ ಪುಡಿ ಅಂಟಿದರೆ ಆ ರೀಮ್ ಬೇಡ. ಈ ಧೂಳು ಕಾಗದ ಎಳೆಯುವ ರಬ್ಬರ್ ರೋಲರ್ ಮೇಲೆ ಕೂತು ಹಿಡಿತ ತಪ್ಪಿಸುತ್ತದೆ. ಒಂದು ಹಾಳೆಯ ಬದಲು ಎರಡು ಬರುವುದಕ್ಕೆ, ಒಂದೂ ಬಾರದೇ ಇರುವುದಕ್ಕೆ ಇದೂ ಕಾರಣ. ಒಂದು ಹಾಳೆಯನ್ನು ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ಹರಿದು ನೋಡಿ. ನಾರು ಯಾವ ದಿಕ್ಕಿಗೆ ಇದೆಯೋ ಆ ದಿಕ್ಕಿಗೆ ಹರಿತ ನೇರವಾಗಿ ಸಾಗುತ್ತದೆ. ಸಣ್ಣ ಪ್ರಿಂಟರ್‌ಗಳಿಗೆ ಉದ್ದಕ್ಕೆ ನೇರ ಹರಿಯುವ ಹಾಳೆ ಸುರುಳಿಯಾಗುವುದು ಕಡಿಮೆ.

ಇಂಕ್‌ಜೆಟ್ ಇರುವವರು ಅತಿ ಸಣ್ಣ ಅಕ್ಷರದಲ್ಲಿ ನಾಲ್ಕು ಸಾಲು ಮುದ್ರಿಸಿ ನೋಡಬೇಕು. ಅಕ್ಷರದ ಅಂಚಿನಿಂದ ಶಾಯಿ ಕೂದಲೆಳೆಯಂತೆ ಹರಡಿದರೆ ಆ ಕಾಗದ ಶಾಯಿಯನ್ನು ಹೀರುತ್ತಿದೆ ಎಂದರ್ಥ. ಲೇಸರ್ ಇರುವವರಿಗೆ ಒಂದು ಗಟ್ಟಿ ಎಚ್ಚರಿಕೆ: ಇಂಕ್‌ಜೆಟ್‌ನ ಹೊಳಪಿನ ಫೋಟೋ ಕಾಗದವನ್ನು ಅದಕ್ಕೆ ಎಂದೂ ಹಾಕಬೇಡಿ. ಟೋನರ್ (ಲೇಸರ್ ಯಂತ್ರದ ಶಾಯಿಪುಡಿ) ಕರಗಿಸುವ ಬಿಸಿಗೆ ಆ ಕಾಗದದ ಲೇಪ ಕರಗಿ, ಬಿಸಿ ಕೊಡುವ ಭಾಗವಾದ ಫ್ಯೂಸರ್‌ಗೆ ಅಂಟಿಕೊಂಡರೆ ಆ ಭಾಗವನ್ನೇ ಬದಲಿಸಬೇಕಾದೀತು.

ಬಿಳುಪಿಗೆ ಮರುಳಾಗಬೇಡಿ. ಕಣ್ಣು ಕೋರೈಸುವ ನೀಲಿಬಿಳುಪು ಬಹುಪಾಲು ಹೊಳಪು ಕೊಡುವ ರಾಸಾಯನಿಕದ್ದು. ನೋಟು ಪರೀಕ್ಷಿಸುವ ಅತಿನೇರಳೆ ದೀಪದ ಕೆಳಗೆ ಅದು ನೀಲಿಯಾಗಿ ಹೊಳೆಯುತ್ತದೆ, ಬೆಳಕಿಗೆ ಬಿದ್ದು ಕ್ರಮೇಣ ಮಾಸುತ್ತದೆ. ವರ್ಷಗಟ್ಟಲೆ ಇಡುವ ದಾಖಲೆಗೆ ಆಮ್ಲರಹಿತ ಎಂದು ಬರೆದಿರುವ ಕಾಗದವನ್ನೇ ಕೇಳಿ. ದಾಂಡೇಲಿಯ ಗಿರಣಿಯ ಮರದ ತಿರುಳಿನ ಕಾಗದವಾಗಲಿ, ತಮಿಳುನಾಡಿನ ಕಬ್ಬಿನ ಸಿಪ್ಪೆಯ ಕಾಗದವಾಗಲಿ, ಈ ಪರೀಕ್ಷೆಗಳಲ್ಲಿ ಗೆದ್ದರೆ ಎರಡೂ ಒಳ್ಳೆಯವೇ.

ಮಲೆನಾಡು, ಕರಾವಳಿಯವರಿಗೆ ಕಷ್ಟವೆಲ್ಲ ಮಳೆಗಾಲದಲ್ಲಿ. ಕಾಗದ ಗಾಳಿಯ ತೇವ ಹೀರುತ್ತದೆ, ಲೇಸರ್ ಯಂತ್ರದ ಬಿಸಿಗೆ ಆ ತೇವ ಆವಿಯಾಗಿ ಹಾಳೆ ಸುರುಳಿ ಸುತ್ತುತ್ತದೆ, ಒಳಗೆ ಸಿಕ್ಕಿಕೊಳ್ಳುತ್ತದೆ. ಉತ್ತಮ ಕಾಗದವೂ ಹೀಗೆಯೇ ಕೆಡುತ್ತದೆ. ರೀಮ್‌ಗಳನ್ನು ನೆಲ, ಗೋಡೆಗೆ ತಾಗದಂತೆ ಮಲಗಿಸಿಡಿ. ಆ ದಿನಕ್ಕೆ ಬೇಕಾದಷ್ಟೇ ಟ್ರೇಗೆ ಹಾಕಿ, ಉಳಿದದ್ದನ್ನು ಅದರದೇ ಹೊದಿಕೆಯಲ್ಲಿ ಮಡಿಚಿ ಪ್ಲಾಸ್ಟಿಕ್ ಚೀಲದಲ್ಲಿಡಿ. ತೇವವಾದದ್ದನ್ನು ಬಿಸಿಲಿಗೆ ಹರವಿದರೆ ಅಂಚು ಮೊದಲು ಒಣಗಿ ಹಾಳೆ ಸೊಟ್ಟಗಾಗುತ್ತದೆ. ಅದನ್ನು ಲೆಕ್ಕ ಬರೆಯಲು ಇಟ್ಟುಕೊಳ್ಳಿ.

ಹೊದಿಕೆಯ ಮೇಲೆ ಬಾಣದ ಗುರುತಿದ್ದರೆ ಅದು ತೋರಿಸುವ ಬದಿಗೆ ಮೊದಲು ಮುದ್ರಿಸಿ. ಹಾಳೆ ಮತ್ತೂ ಸುರುಳಿಯಾದರೆ ಟ್ರೇಯಲ್ಲಿನ ಕಟ್ಟನ್ನು ಮಗುಚಿ ಹಾಕಿ ನೋಡಿ. ಎರಡು ಬೇರೆ ಬೇರೆ ರೀಮ್‌ಗಳಲ್ಲೂ ಅದೇ ಜಾಗದಲ್ಲಿ ಸಿಕ್ಕಿಕೊಂಡರೆ ಕಾಗದ ಬದಲಿಸುವುದು ನಿಲ್ಲಿಸಿ. ರೋಲರ್ ಒರೆಸುವ ಕೆಲಸ ಬಾಕಿಯಿದೆ.