ಎಳೆದುಕೊಂಡು ಹೋಗುವ ಮನೆಯ ಒಗ್ಗರಣೆ ಗೋಡೆ

ಶಿರಾಡಿ ಘಾಟಿ ಹತ್ತಿ ಸಕಲೇಶಪುರದಲ್ಲಿ ಟೀ ಮಾಡೋಣ ಅಂತ ನಿಲ್ಲಿಸಿದ್ದೆವು. ಟ್ರೇಲರಿನ ಬಾಗಿಲು ತೆರೆದು ಒಳಗೆ ಕಾಲಿಟ್ಟರೆ ಚಪ್ಪಲಿಯಡಿ ಏನೋ ಪುಡಿಯಾಯಿತು. ಒಲೆಯ ಹಿಂದಿನ ಗೋಡೆಯಲ್ಲಿ ಮೂರು ಟೈಲ್ಸ್ ಇರಲಿಲ್ಲ. ಒಂದು ಸಿಂಕಿನೊಳಗೆ ಎರಡು ತುಂಡಾಗಿ ಬಿದ್ದಿತ್ತು, ಉಳಿದೆರಡು ನೆಲದಲ್ಲಿ. ಖಾಲಿಯಾದ ಜಾಗದ ಪ್ಲೈವುಡ್ ಮುಟ್ಟಿ ನೋಡಿದೆ. ಒದ್ದೆ. ಹೆಬ್ಬೆರಳಿನಿಂದ ಒತ್ತಿದರೆ ನೆನೆದ ಬ್ರೆಡ್ಡಿನ ಹಾಗೆ ಒಳಗೆ ಹೋಯಿತು.

ನಮ್ಮದು ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ 12 ಅಡಿಯ ಸಣ್ಣ ಟ್ರೇಲರ್. ಉಡುಪಿಯಲ್ಲಿ ಮನೆಯ ಅಂಗಳದಲ್ಲೇ ಅದರ ಅಡುಗೆ ಜಾಗವನ್ನು ನಾನು, ನಮ್ಮ ಮನೆಯವರು, ಪಕ್ಕದ ಆಚಾರ್ರು ಸೇರಿ ಸರಿ ಮಾಡಿಕೊಂಡಿದ್ದು. ಒಲೆ, ಸಿಂಕಿನ ಹಿಂದೆ ಎಣ್ಣೆ, ನೀರು ಸಿಡಿಯುವ ಆ ಪಟ್ಟಿಗೆ ಇಲ್ಲಿನ ಮೇಸ್ತ್ರಿಗಳು ಡ್ಯಾಡೋ ಅನ್ನುತ್ತಾರೆ. ನಾವು ಅದನ್ನು ಮೂರು ಸಲ ಮಾಡಿದ್ದೇವೆ. ಮೂರನೆಯದು ಎರಡು ಮಳೆಗಾಲ ದಾಟಿದೆ, ಒಂದು ಕಡೆಯೂ ಬಿಟ್ಟಿಲ್ಲ. ಅದನ್ನು ಹೇಗೆ ಮಾಡಿದೆವು ಅಂತ ಹೇಳುತ್ತೇನೆ. ಮೊದಲೆರಡು ಯಾಕೆ ಹಾಳಾದವು ಅನ್ನುವುದನ್ನೂ ಹೇಳಬೇಕು. ಅದು ಗೊತ್ತಾಗದೆ ಯಾವ ಸಾಮಾನು ತರಬೇಕು ಅಂತ ಗೊತ್ತಾಗುವುದಿಲ್ಲ.

ಮನೆಯ ಗೋಡೆ ಇದ್ದಲ್ಲೇ ಇರುತ್ತದೆ. ಟ್ರೇಲರಿನ ಗೋಡೆ ಪ್ರತಿ ಗುಂಡಿಗೂ ಒಂಚೂರು ತಿರುಚಿಕೊಳ್ಳುತ್ತದೆ. ಚಾಸಿ ಬಾಗುತ್ತದೆ, ಅದರ ಮೇಲಿನ ಚೌಕಟ್ಟು ಬಾಗುತ್ತದೆ, ಪ್ಲೈವುಡ್ಡೂ ಬಾಗುತ್ತದೆ. ಸೆರಾಮಿಕ್ ಟೈಲ್ಸ್ ಮಾತ್ರ ಬಾಗುವುದಿಲ್ಲ. ಆ ಎಳೆದಾಟವೆಲ್ಲ ಟೈಲ್ಸ್ ನಡುವಿನ ಸಂದಿಗೆ ತುಂಬುವ ಗ್ರೌಟಿನ ಮೇಲೆ ಬೀಳುತ್ತದೆ. ನಮ್ಮ ಬಿಳಿ ಗ್ರೌಟಿನಲ್ಲಿ ಎರಡು ತಿಂಗಳಿಂದ ಕೂದಲೆಳೆಯಷ್ಟು ಸಣ್ಣ ಹಳದಿ ಗೆರೆ ಕಾಣುತ್ತಿತ್ತು. ಮೀನು ಹುರಿಯುವಾಗ ಅರಸಿನ ಸಿಡಿದ ಕಲೆ ಅಂದುಕೊಂಡು ನಿಂಬೆಹಣ್ಣು ಹಾಕಿ ಉಜ್ಜುತ್ತಿದ್ದೆ. ಎಷ್ಟು ಉಜ್ಜಿದರೂ ಹೋಗಲಿಲ್ಲ. ಹೇಗೆ ಹೋಗುತ್ತದೆ? ಅದು ಬಿರುಕು. ಅರಸಿನದ ನೀರು ಅದರೊಳಗೆ ಇಳಿದು ನಿಂತಿತ್ತು. ಅರಸಿನ ಇಳಿದ ದಾರಿಯಲ್ಲೇ ಪಾತ್ರೆ ತೊಳೆದ ನೀರೂ ಇಳಿದಿತ್ತು. ನಿಮ್ಮ ಗಾಡಿಯಲ್ಲಿ ಈಗಾಗಲೇ ಟೈಲ್ಸ್ ಇದ್ದರೆ ಇವತ್ತೇ ಟಾರ್ಚ್ ಹಿಡಿದು ಈ ಹಳದಿ ಗೆರೆ ಇದೆಯಾ ನೋಡಿ.

ತೂಕದ ಮಾತೂ ಇದೆ. ನಮ್ಮ ಪಟ್ಟಿ 150 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಎತ್ತರ. ಸುಮ್ನೆ ಇಷ್ಟು ಜಾಗಕ್ಕೆ ಟೈಲ್ಸ್, ಅಂಟು, ಗ್ರೌಟ್ ಸೇರಿ ಹತ್ತು ಕೆಜಿಗಿಂತ ಜಾಸ್ತಿ ಆಗಿತ್ತು. ಅದೂ ಗಾಡಿಯ ಒಂದೇ ಮಗ್ಗುಲಿಗೆ. ಎಳೆಯುವ ಕಾರಿಗೆ ಒಂದೊಂದು ಕೆಜಿಯೂ ಲೆಕ್ಕ, ಅಲ್ವಾ?

ಎರಡನೇ ಸಲ ಅಂಟಿಸುವ ವಿನೈಲ್ ಹಾಳೆ ತಂದೆವು, ಟೈಲ್ಸಿನ ಡಿಸೈನ್ ಇರುವಂಥದ್ದು. ಹಗುರ, ಚಂದ, ಒಂದು ಗಂಟೆಯ ಕೆಲಸ. ಏಪ್ರಿಲ್‌ನಲ್ಲಿ ಮಲ್ಪೆಯಲ್ಲಿ ಮಧ್ಯಾಹ್ನವಿಡೀ ಬಿಸಿಲಲ್ಲಿ ಗಾಡಿ ನಿಂತಿತ್ತು. ಸಂಜೆ ನೋಡಿದರೆ ಮೂಲೆಗಳು ಎದ್ದಿದ್ದವು. ಒಲೆಯ ಹಿಂದೆ ಹಪ್ಪಳದ ಹಾಗೆ ಸುರುಟಿಕೊಂಡಿತ್ತು. ವಿನೈಲ್ 70, 80 ಡಿಗ್ರಿಗೆಲ್ಲ ಮೆತ್ತಗಾಗುತ್ತದೆ. ದೊಡ್ಡ ಬಾಣಲೆಯ ಹಿಂದೆ ಅಷ್ಟು ಬಿಸಿ ಸುಲಭವಾಗಿ ಬರುತ್ತದೆ. ಸಿಂಕಿನ ಬದಿಗೆ, ನೆರಳಲ್ಲಿ ನಿಲ್ಲುವ ಗಾಡಿಗೆ ಬೇಕಾದರೆ ಹಾಕಿಕೊಳ್ಳಿ. ಒಲೆಯ ಹಿಂದೆ ಖಂಡಿತ ಬೇಡ.

ಮೂರನೇ ಸಲ ಆಚಾರ್ರು ಒಂದು ಮಾತು ಹೇಳಿದರು. "ಅಕ್ಕಾ, ಇದು ಒಂದು ಗೋಡೆ ಅಲ್ಲ, ಎರಡು ಗೋಡೆ. ಒಂದಕ್ಕೆ ಬೆಂಕಿ ಉಂಟು, ಇನ್ನೊಂದಕ್ಕೆ ನೀರು ಉಂಟು. ಬೇರೆ ಬೇರೆ ಸಾಮಾನು ಹಾಕುವ." ಹಾಗೇ ಮಾಡಿದೆವು. ಒಲೆಯ ಹಿಂದೆ 60 ಸೆಂಟಿಮೀಟರ್ ಸ್ಟೀಲ್, ಸಿಂಕಿನ ಹಿಂದೆ ಉಳಿದ 90 ಸೆಂಟಿಮೀಟರ್ ಎಸಿಪಿ (ಅಲ್ಯೂಮಿನಿಯಂ ಕಾಂಪೋಸಿಟ್ ಪ್ಯಾನೆಲ್) ಶೀಟ್.

ಸ್ಟೇನ್‌ಲೆಸ್ ಸ್ಟೀಲ್ ತೆಗೆದುಕೊಳ್ಳುವಾಗ 304 ದರ್ಜೆಯದು ಅಂತಲೇ ಕೇಳಿ. ಅಗ್ಗಕ್ಕೆ ಸಿಗುವ 202 ನಮ್ಮ ಉಪ್ಪು ಗಾಳಿಗೆ ಬೇಗ ತುಕ್ಕಿನ ಚುಕ್ಕೆ ಬಿಡುತ್ತದೆ. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು "ನೋಡಿ, ಹಿಡಿಯುವುದಿಲ್ಲ, ಒಳ್ಳೆ ಸ್ಟೀಲ್" ಅನ್ನುತ್ತಾರೆ. ಅದನ್ನು ನಂಬಿ ತರಬೇಡಿ ಮಾರಾಯ್ರೆ. 202ಕ್ಕೂ ಅಯಸ್ಕಾಂತ ಸರಿಯಾಗಿ ಹಿಡಿಯುವುದಿಲ್ಲ. ಬಿಲ್ಲಿನಲ್ಲಿ 304 ಅಂತ ಬರೆಸಿಕೊಳ್ಳಿ. 0.8 ಮಿಲಿಮೀಟರ್ ದಪ್ಪ ಸಾಕು. ಅದು ಚದರ ಮೀಟರಿಗೆ ಸುಮಾರು 6.4 ಕೆಜಿ ಬರುತ್ತದೆ, ನಮ್ಮ ತುಂಡು ಎರಡು ಕೆಜಿಯೂ ಇಲ್ಲ. ಅಳತೆ ಕೊಟ್ಟರೆ ಫ್ಯಾಬ್ರಿಕೇಶನ್ ಅಂಗಡಿಯವರೇ ಮೆಷಿನ್‌ನಲ್ಲಿ ಕತ್ತರಿಸಿ ಅಂಚು ಹಿಂದಕ್ಕೆ ಮಡಚಿ ಕೊಡುತ್ತಾರೆ. ಮಂಗಳೂರಿನವರಿಗೆ ಬೈಕಂಪಾಡಿ ಕಡೆ ಇಂಥ ಅಂಗಡಿ ಸಿಗುತ್ತವೆ. ಅಂಚು ಮಡಚಿಸಲು ಹತ್ತಿಪ್ಪತ್ತು ನಿಮಿಷ ಜಾಸ್ತಿ ಕಾಯಬೇಕಾದರೂ ಕಾಯಿರಿ. ಮಡಚದ ಶೀಟಿನ ಅಂಚು ಬ್ಲೇಡಿನ ಹಾಗೆ. ಓಡುವ ಗಾಡಿಯ ಇಕ್ಕಟ್ಟಿನಲ್ಲಿ ಕೈ ತಾಗದೆ ಇರುವುದಿಲ್ಲ. ಕನ್ನಡಿಯ ಹಾಗೆ ಹೊಳೆಯುವುದಕ್ಕಿಂತ ಮ್ಯಾಟ್ ಒಳ್ಳೆಯದು, ಬೆರಳಿನ ಗುರುತು ಕಾಣುವುದಿಲ್ಲ.

ಸ್ಟೀಲ್ ಹಾಕಿದರೆ ಹಿಂದಿನ ಪ್ಲೈವುಡ್ಡಿಗೆ ಬಿಸಿ ತಾಗುವುದಿಲ್ಲ ಅಂತ ತುಂಬ ಜನ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಸ್ಟೀಲಿಗೆ ಬೆಂಕಿ ಹತ್ತುವುದಿಲ್ಲ, ನಿಜ. ಆದರೆ ಬಿಸಿಯನ್ನು ಅದು ಹಿಂದಕ್ಕೆ ದಾಟಿಸುತ್ತದೆ. ಪ್ಲೈವುಡ್ ಕಣ್ಣಿಗೆ ಕಾಣದ ಹಾಗೆ ದಿನಾ ಒಂಚೂರು ಕಪ್ಪಾಗುತ್ತಾ ಹೋಗುತ್ತದೆ. ಅದಕ್ಕೇ ನಡುವೆ 6 ಮಿಲಿಮೀಟರಿನ ಸಿಮೆಂಟ್ ಫೈಬರ್ ಬೋರ್ಡ್ ಕೊಟ್ಟೆವು. ಅದರ ಜೊತೆ ಒಲೆಯನ್ನೂ ಮುಂದಕ್ಕೆ ಸರಿಸಿದೆವು. ಬರ್ನರಿನಿಂದ ಗೋಡೆಗೆ ಎಷ್ಟು ಜಾಗ ಬೇಕು ಅಂತ ಒಲೆಯ ಜೊತೆ ಬರುವ ಪುಸ್ತಕದಲ್ಲಿ ಇರುತ್ತದೆ. ಅದಕ್ಕಿಂತ ಕಡಿಮೆ ಮಾಡಬೇಡಿ. ದೊಡ್ಡ ಬಾಣಲೆ ಇಟ್ಟು ನೋಡಿ. ನಮ್ಮ ನೀರ್‌ದೋಸೆ ಕಾವಲಿ ಬರ್ನರಿಗಿಂತ ಎಷ್ಟು ಅಗಲ ಅಂತ ಇಟ್ಟು ನೋಡಿದಾಗಲೇ ಗೊತ್ತಾದದ್ದು.

ಸಿಂಕಿನ ಬದಿಯ ಎಸಿಪಿ ಅಂದರೆ ಅಂಗಡಿಗಳ ಬೋರ್ಡಿಗೆ ಹಾಕುತ್ತಾರಲ್ಲ, ಅದೇ. ಎರಡು ತೆಳು ಅಲ್ಯೂಮಿನಿಯಂ ಹಾಳೆಯ ನಡುವೆ ಪ್ಲಾಸ್ಟಿಕ್. ನೀರಿಗೆ ಉಬ್ಬುವುದಿಲ್ಲ, ಒಂದೇ ತುಂಡಾದ್ದರಿಂದ ನಡುವೆ ಜಾಯಿಂಟ್ ಇಲ್ಲ. ಪೂರ್ತಿ 8 ಅಡಿ, 4 ಅಡಿ ಶೀಟ್ ಕೊಳ್ಳಬೇಡಿ. ಬೋರ್ಡ್ ಮಾಡುವವರ ಹತ್ತಿರ ಕಟ್ ಪೀಸ್ ಕೇಳಿ. 3 ಮಿಲಿಮೀಟರಿನದು ಸಾಕು. ಒಳಗಿನ ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತುತ್ತದೆ. ಆದ್ದರಿಂದ ಒಲೆಯ ಹತ್ತಿರ ಇದನ್ನು ತರಲೇಬಾರದು. ಸ್ಟೀಲ್ ಪಟ್ಟಿ ಒಲೆಯ ಎರಡೂ ಬದಿಗೆ ಧಾರಾಳವಾಗಿ ಚಾಚಿರಲಿ.

ಇನ್ನು ಕೆಲಸ. ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಪ್ಲೈವುಡ್ ಒಣಗುವ ಮಾತೇ ಇಲ್ಲ. ಒದ್ದೆ ಹಲಗೆಯ ಮೇಲೆ ಶೀಟ್ ಮುಚ್ಚಿದರೆ ನೀರನ್ನು ಒಳಗೆ ಕೂಡಿ ಹಾಕಿದ ಹಾಗೆ.

ಮೊದಲು ಸಿಲಿಂಡರ್ ಬಂದ್ ಮಾಡಿ ಹೊರಗಿಡಿ. ಬ್ಯಾಟರಿಯ ವಯರ್ ಬಿಚ್ಚಿ, ಹೊರಗಿನ ಕರೆಂಟಿನ ಪ್ಲಗ್ ತೆಗೆಯಿರಿ. ಗೋಡೆಯ ಹಿಂದೆ ಗ್ಯಾಸ್ ಪೈಪ್, ವಯರ್ ಎಲ್ಲೆಲ್ಲಿ ಹೋಗಿದೆ ಅಂತ ಗೊತ್ತಾಗುವವರೆಗೆ ಡ್ರಿಲ್ ಮುಟ್ಟಬೇಡಿ. ನಾವು ಒಳಗಿನ ಕಪಾಟು ಬಿಚ್ಚಿ ನೋಡಿ, ಪೈಪ್ ಹೋದ ದಾರಿಯನ್ನು ಗೋಡೆಯ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಹಳೇ ಟೈಲ್ಸ್, ಅಂಟು ಕಿತ್ತ ಮೇಲೆ ಸ್ಕ್ರೂಡ್ರೈವರ್ ತುದಿಯಿಂದ ಪ್ಲೈವುಡ್ಡನ್ನು ಅಂಗುಲ ಅಂಗುಲ ಚುಚ್ಚಿ ನೋಡಿ. ಮೆತ್ತಗಿದ್ದ ಕಡೆ ಕತ್ತರಿಸಿ ತೆಗೆದು ಹೊಸ ತುಂಡು ಕೂರಿಸಿ. ಐಎಸ್ 710 ಅಂತ ಮುದ್ರೆ ಇರುವ ಮರೀನ್ ಪ್ಲೈ ತನ್ನಿ.

ಅಳತೆಗೆ ರಟ್ಟಿನ ಪೆಟ್ಟಿಗೆಯಷ್ಟು ಒಳ್ಳೆಯದು ಬೇರೆ ಇಲ್ಲ. ರಟ್ಟನ್ನು ಗೋಡೆಗೆ ಹಿಡಿದು, ಕಿಟಕಿ, ಸ್ವಿಚ್ಚು, ನಲ್ಲಿಯ ಜಾಗ ಗುರುತು ಮಾಡಿ ಕತ್ತರಿಸಿ. ಸರಿಯಾಗಿ ಕೂತ ಮೇಲೆ ಅದನ್ನೇ ಶೀಟಿನ ಮೇಲಿಟ್ಟು ಗೆರೆ ಎಳೆಯಿರಿ. ರಸಮಟ್ಟ ಇಟ್ಟು ಗೆರೆ ಎಳೆಯಬೇಡಿ. ಗಾಡಿಯೇ ಅಂಗಳದಲ್ಲಿ ಸಮ ನಿಂತಿರುವುದಿಲ್ಲ. ಅಡುಗೆ ಕಟ್ಟೆಯ ಮೇಲ್ಭಾಗವೇ ನಿಮ್ಮ ಮಟ್ಟ, ಅಲ್ಲಿಂದ ಅಳೆಯಿರಿ. ಸುತ್ತಲೂ 3 ಮಿಲಿಮೀಟರ್ ಸಂದು ಬಿಟ್ಟು ಕತ್ತರಿಸಿ. ಬಿಸಿಲಿಗೆ ನಿಂತ ಗಾಡಿಯೊಳಗೆ ಮೀಟರ್ ಹತ್ತಿರ ಉದ್ದದ ಅಲ್ಯೂಮಿನಿಯಂ ಅರ್ಧ ಮಿಲಿಮೀಟರಿಗಿಂತ ಜಾಸ್ತಿ ಹಿಗ್ಗುತ್ತದೆ. ಅದಕ್ಕೆ ಜಾಗ ಬೇಕು, ಇಲ್ಲದಿದ್ದರೆ ನಡುವೆ ಉಬ್ಬುತ್ತದೆ.

ಎಸಿಪಿ ಕತ್ತರಿಸುವುದು ಸುಲಭ. ಸ್ಕೇಲ್ ಇಟ್ಟು ಕಟ್ಟರಿನಿಂದ ಐದಾರು ಸಲ ಎಳೆದು, ಮೇಜಿನ ಅಂಚಿಗೆ ಇಟ್ಟು ಬಗ್ಗಿಸಿದರೆ ಮುರಿಯುತ್ತದೆ. ಸಿಮೆಂಟ್ ಬೋರ್ಡನ್ನೂ ಹಾಗೇ ಗೀರಿ ಮುರಿಯಿರಿ. ಗ್ರೈಂಡರ್ ಹಾಕಿದರೆ ಬರುವ ಧೂಳು ಶ್ವಾಸಕೋಶಕ್ಕೆ ತುಂಬ ಕೆಟ್ಟದ್ದು. ಹೇಗೆ ಕತ್ತರಿಸಿದರೂ ಹೊರಗೆ, ಮಾಸ್ಕ್ ಹಾಕಿಕೊಂಡೇ ಮಾಡಿ. ಸ್ವಿಚ್ಚಿನ ವಯರ್ ಹೊರಬರುವ ತೂತಿನ ಸುತ್ತ ರಬ್ಬರ್ ಬುಷ್ ಮರೆಯಬೇಡಿ. ಲೋಹದ ಅಂಚು ವಯರನ್ನು ದಾರಿಯುದ್ದಕ್ಕೂ ಉಜ್ಜುತ್ತಲೇ ಇರುತ್ತದೆ.

ಅಂಟಿನ ವಿಷಯಕ್ಕೆ ಬರೋಣ, ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಒಣಗಿದ ಮೇಲೆ ಕಲ್ಲಾಗುವ ಅಂಟು ಗಾಡಿಗೆ ಆಗುವುದಿಲ್ಲ, ಎಳೆದರೆ ರಬ್ಬರಿನ ಹಾಗೆ ಬರುವಂಥದ್ದು ಬೇಕು. ಎಸಿಪಿಗೆ ಪಿಯು (ಪಾಲಿಯುರಿಥೇನ್) ಸೀಲೆಂಟ್ ಹಾಕಿದೆವು. ಬಸ್ ಬಾಡಿ ಕಟ್ಟುವವರು ಗ್ಲಾಸ್ ಕೂರಿಸಲು ಬಳಸುವುದು ಇದನ್ನೇ. ಅವರ ಹತ್ತಿರ ಕೇಳಿದರೆ ಎಲ್ಲಿ ಸಿಗುತ್ತದೆ ಅಂತ ಹೇಳುತ್ತಾರೆ. ಒಲೆಯ ಹಿಂದಿನ ಸ್ಟೀಲಿಗೆ ಪಿಯು ಬೇಡ, ಬಿಸಿಗೆ ಮೆತ್ತಗಾಗುತ್ತದೆ. ಅಲ್ಲಿಗೆ ಬಿಸಿ ತಡೆಯುವ ನ್ಯೂಟ್ರಲ್ ಸಿಲಿಕೋನ್. ಟ್ಯೂಬಿನ ಮೇಲೆ ನ್ಯೂಟ್ರಲ್ ಅಂತ ಬರೆದಿರಬೇಕು. ವಿನೆಗರ್ ವಾಸನೆ ಬರುವ ಮಾಮೂಲಿ ಸಿಲಿಕೋನ್ ಆಮ್ಲ ಬಿಡುತ್ತದೆ, ಲೋಹಕ್ಕೆ ಒಳ್ಳೆಯದಲ್ಲ.

ಸಿಮೆಂಟ್ ಬೋರ್ಡನ್ನು ಅರ್ಧ ಇಂಚಿನ ಸ್ಟೇನ್‌ಲೆಸ್ ಸ್ಕ್ರೂಗಳಿಂದ ಪ್ಲೈವುಡ್ಡಿಗೆ ಬಿಗಿಯಿರಿ. ನಮ್ಮ ಒಳಗೋಡೆಯ ಪ್ಲೈ 9 ಮಿಲಿಮೀಟರ್, ಅದಕ್ಕೇ ಈ ಅಳತೆ. ನಿಮ್ಮದು ತೆಳುವಾಗಿದ್ದರೆ ಇನ್ನೂ ಗಿಡ್ಡ ಸ್ಕ್ರೂ ಬೇಕು. ಶೀಟಿನ ಹಿಂಬದಿ, ಅದು ಕೂರುವ ಮೇಲ್ಮೈ ಎರಡನ್ನೂ ಸ್ಪಿರಿಟ್‌ನಲ್ಲಿ ಒರೆಸಿ ಒಣಗಲು ಬಿಡಿ. ಎಣ್ಣೆಯ ಪಸೆ ಇದ್ದರೆ ಯಾವ ಅಂಟೂ ಹಿಡಿಯುವುದಿಲ್ಲ.

ಸೀಲೆಂಟನ್ನು ಬೆಣ್ಣೆ ಸವರಿದ ಹಾಗೆ ಇಡೀ ಶೀಟಿಗೆ ಸವರಬೇಡಿ. ಅದು ಗಾಳಿಯ ತೇವ ತಾಗಿ ಗಟ್ಟಿಯಾಗುವ ಸಾಮಾನು. ಎರಡು ಹಲಗೆಯ ನಡುವೆ ಗಾಳಿ ಇಲ್ಲದಿದ್ದರೆ ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ಮೇಲಿನಿಂದ ಕೆಳಕ್ಕೆ, ನಾಲ್ಕು ಬೆರಳಿಗೆ ಒಂದರಂತೆ, ಪೆನ್ಸಿಲ್ ದಪ್ಪದ ಗೆರೆ ಎಳೆಯಿರಿ. ಅಡ್ಡ ಗೆರೆ ಬೇಡ. ಹಿಂದೆ ಅಪ್ಪಿತಪ್ಪಿ ನೀರು ಸೇರಿದರೆ ಅಡ್ಡ ಗೆರೆಯ ಮೇಲೆ ನಿಂತುಬಿಡುತ್ತದೆ. ಕೆಳಗೆ 3 ಮಿಲಿಮೀಟರಿನ ರಟ್ಟಿನ ಚೂರು ಇಟ್ಟು ಶೀಟ್ ಕೂರಿಸಿ, ಅಂಗೈಯಿಂದ ಒತ್ತಿ, ಟೇಪ್ ಹಾಕಿ ಬಿಡಿ. ಪೂರ್ತಿ ಹಿಸುಕಬೇಡಿ. ನಡುವೆ 2 ಮಿಲಿಮೀಟರಾದರೂ ಸೀಲೆಂಟ್ ಉಳಿದರೆ ಮಾತ್ರ ಅದು ಗೋಡೆಯ ಜೊತೆ ಎಳೆದುಕೊಂಡು ಬರುತ್ತದೆ. ಸ್ಟೀಲಿಗೆ ನಾಲ್ಕು ಮೂಲೆಗೂ ಸ್ಕ್ರೂ ಹಾಕಿದ್ದೇವೆ. ಬಿಸಿಗೆ ಹಿಗ್ಗಲು ಜಾಗವಿರಲಿ ಅಂತ ಶೀಟಿನ ತೂತು ಸ್ಕ್ರೂಗಿಂತ ಸ್ವಲ್ಪ ದೊಡ್ಡದಾಗಿದೆ. ಸ್ಟೀಲಿನ ಮೇಲಿನ ಪ್ಲಾಸ್ಟಿಕ್ ಪೊರೆಯನ್ನು ಒಲೆ ಹಚ್ಚುವ ಮೊದಲೇ ಪೂರ್ತಿ ತೆಗೆಯಿರಿ. ಒಮ್ಮೆ ಬಿಸಿಗೆ ಅಂಟಿಕೊಂಡರೆ ಉಗುರು ಕಿತ್ತು ಬರುವ ಕೆಲಸ.

ಒಂದು ದಿನ ಬಿಟ್ಟು ಸಂದುಗಳನ್ನು ತುಂಬಿ. ರಟ್ಟಿನ ಚೂರು ತೆಗೆದು, ಸಂದಿನ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ನ್ಯೂಟ್ರಲ್ ಸಿಲಿಕೋನ್ ಒಂದೇ ಉಸಿರಿಗೆ ಎಳೆಯಿರಿ. ಸೋಪು ನೀರಲ್ಲಿ ಅದ್ದಿದ ಬೆರಳಿನಿಂದ ಒಮ್ಮೆ ನೇವರಿಸಿ, ಹಸಿಯಿದ್ದಾಗಲೇ ಟೇಪ್ ಕಿತ್ತುಬಿಡಿ. ಬಣ್ಣ ಬೂದು ಇರಲಿ. ಬಿಳಿ ಹಾಕಿದರೆ ಮೊದಲ ಸಾರಿನ ಒಗ್ಗರಣೆಗೇ ಅರಸಿನ ಹಿಡಿಯುತ್ತದೆ. ಸ್ಟೀಲ್, ಎಸಿಪಿ ಕೂಡುವಲ್ಲಿ ಅಲ್ಯೂಮಿನಿಯಂ ಪಟ್ಟಿ ಹಾಕಿ, ಎಸಿಪಿಯ ಕತ್ತರಿಸಿದ ಅಂಚು ಮುಚ್ಚುತ್ತದೆ. ನೆಲದ ಹತ್ತಿರ ಗ್ಯಾಸ್ ಹೊರಹೋಗಲು ಬಿಟ್ಟಿರುವ ತೂತನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ಸಿಲಿಂಡರ್ ಮತ್ತೆ ಜೋಡಿಸಿದ ಮೇಲೆ ಎಲ್ಲ ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದಾ ನೋಡಿ.

ಇನ್ನೆರಡು ದಿನ ಗಾಡಿ ಅಲುಗಾಡಿಸಬೇಡಿ. ನಾವು ಮೊದಲ ಸವಾರಿಗೆ ಮರವಂತೆವರೆಗೆ ಹೋಗಿ ಬಂದೆವು. ಬಂದ ಕೂಡಲೇ ಮೂಲೆ ಮೂಲೆ ಬೆರಳಿನಿಂದ ಬಡಿದು ನೋಡಿದೆ. ಒಂದೇ ಕಡೆ ಸ್ವಲ್ಪ ಟೊಳ್ಳು ಸದ್ದು ಬಂತು, ಅಲ್ಲಿ ಮೇಲಿನ ಸಂದಿನಿಂದ ಸೀಲೆಂಟ್ ತುಂಬಿದೆವು. ಕಡಲ ಬದಿ ನಿಲ್ಲಿಸಿದ ದಿನ ಸ್ಟೀಲನ್ನು ಸಿಹಿನೀರಿನ ಬಟ್ಟೆಯಿಂದ ಒರೆಸುತ್ತೇನೆ. 304 ಆದರೂ ಉಪ್ಪು ಕೂತರೆ ಕಂದು ಕಲೆ ಬರುತ್ತದೆ. ಉಳಿದ ಎಸಿಪಿ ತುಂಡು, ಅರ್ಧ ಟ್ಯೂಬ್ ಸಿಲಿಕೋನ್ ಮಂಚದಡಿಯ ಪೆಟ್ಟಿಗೆಯಲ್ಲಿವೆ. ಟ್ಯೂಬಿನ ಮೂತಿಗೆ ಒಂದು ಉದ್ದ ಸ್ಕ್ರೂ ತಿರುಗಿಸಿಟ್ಟಿದ್ದೇನೆ, ಒಳಗಿನದು ಗಟ್ಟಿಯಾಗದ ಹಾಗೆ.